ಬಿಟ್ಟು ಹೋದವರ ಹೆಸರು ಪಟ್ಟಿಯಲ್ಲೇ ಇತ್ತು

ಕಳೆದ ವರ್ಷ ಮಳೆಗಾಲದಲ್ಲಿ ಒಂದು ಹಳ್ಳಿಯ ನೀರುಗಂಟಿಯೊಬ್ಬರು ನಮಗೆ ನಾಲ್ಕು ಫೋಟೊ ಕಳಿಸಿದರು. ಅವರಿಗೆ ಇಮೇಲ್ ಮಾಡಲು ಬರುವುದಿಲ್ಲ. ಪಿಯುಸಿ ಓದುವ ಮಗಳು ಕಳಿಸಿದ್ದು. ಮನೆ ಮನೆಗೆ ನಲ್ಲಿ ಹಾಕುವ ಕೆಲಸದಲ್ಲಿ ಪೈಪನ್ನು ಒಂದು ಗೇಣು ಆಳಕ್ಕೂ ಇಳಿಸದೆ ಮೇಲೆ ಮಣ್ಣು ಎಳೆದಿದ್ದರು. ಪಕ್ಕದಲ್ಲಿ ಅಳತೆ ಟೇಪ್ ಇಟ್ಟು ಫೋಟೊ ತೆಗೆದಿದ್ದರು ಆ ಪುಣ್ಯಾತ್ಮರು. ಇಂಥ ಸಾಕ್ಷಿ ನಮ್ಮಂಥ ಸ್ಟ್ರಿಂಗರ್‌ಗಳಿಗೆ ವರ್ಷಕ್ಕೆ ಒಂದೋ ಎರಡೋ ಸಿಗುತ್ತದೆ. ನಾವು ಖುಷಿಪಟ್ಟೆವು.

ಮೂರನೇ ದಿನ ಗುತ್ತಿಗೆದಾರರ ಕಡೆಯವರು ಅದೇ ನಾಲ್ಕು ಫೋಟೊಗಳನ್ನು ತಮ್ಮ ಫೋನಿನಲ್ಲಿ ತೋರಿಸುತ್ತಾ ನೀರುಗಂಟಿಯ ಮನೆ ಬಾಗಿಲಿಗೆ ಬಂದರು. ನಾವಿನ್ನೂ ಒಂದಕ್ಷರ ಬರೆದಿರಲಿಲ್ಲ. ಮುಂದಿನ ವಾರ ವಾಲ್ವ್ ತಿರುಗಿಸುವ ಕೀಲಿ ಅವರ ಕೈ ಬಿಟ್ಟಿತು. ಪಂಚಾಯಿತಿ ಸಂಬಳವನ್ನೇ ನಂಬಿಕೊಂಡಿದ್ದ ಮನೆ. ಎರಡು ತಿಂಗಳು ಅವರು ಈರುಳ್ಳಿ ಹೊಲಕ್ಕೆ ಕೂಲಿ ಹೋದರು.

ನಾವು ಮೊದಲು ಅನುಮಾನಪಟ್ಟದ್ದು ಆ ಹುಡುಗಿಯನ್ನು. ಗೆಳತಿಯರಿಗೆ ತೋರಿಸಿರಬೇಕು, ಸ್ಟೇಟಸ್‌ಗೆ ಹಾಕಿರಬೇಕು ಎಂದುಕೊಂಡೆವು. ಫೋನ್ ಮಾಡಿ ಕೇಳಿಯೂ ಬಿಟ್ಟೆವು. "ನಿಮ್ಮ ವಿಳಾಸ ಬಿಟ್ಟು ಬೇರೆ ಯಾರಿಗೂ ಕಳಿಸಿಲ್ಲ ಸಾರ್" ಅಂದಳು. ಆಕೆ ಹೇಳಿದ್ದು ನಿಜವಾಗಿತ್ತು. ತೂತು ಇದ್ದದ್ದು ನಮ್ಮಲ್ಲಿ.

ಅದು ಎಂಥ ತೂತು, ಅದು ಯಾಕೆ ನಮ್ಮದಷ್ಟೇ ಅಲ್ಲ ಅನ್ನುವುದನ್ನು ಹೇಳಬೇಕು. ವಿಷಯ ಕಂಪ್ಯೂಟರ್‌ನದು ಅಂತ ಓದುವುದನ್ನು ಬಿಡಬೇಡಿ. ಡೇರಿ ಸದಸ್ಯರ ಪುಸ್ತಕ ನೋಡಿದವರಿಗೆಲ್ಲ ಇದು ಅರ್ಥವಾಗುತ್ತದೆ.

ನಮ್ಮ ಬಳಗ ಚಿಕ್ಕದು. ಒಬ್ಬರು ಶಿರಾದಲ್ಲಿ, ಒಬ್ಬರು ಹಿರಿಯೂರಿನಲ್ಲಿ, ಒಬ್ಬರು ಚಳ್ಳಕೆರೆಯಲ್ಲಿ, ಹೀಗೆ ಚದುರಿದ್ದೇವೆ. ಎಲ್ಲರೂ ಡಿಪ್ಲೊಮಾ ಮುಗಿಸಿ ಪತ್ರಿಕೆಗಳಿಗೆ ಸುದ್ದಿ ಕಳಿಸುತ್ತಾ, ಉಳಿದ ಹೊತ್ತಿನಲ್ಲಿ ಇಲ್ಲಿ ಬರೆಯುವವರು. ಕಚೇರಿ ಅಂತ ಕಟ್ಟಡ ಇಲ್ಲ. ನಮ್ಮ ಕಚೇರಿ ಇರುವುದು ಕ್ಲೌಡ್‌ನಲ್ಲಿ. ಅಂದರೆ ದೂರದಲ್ಲೆಲ್ಲೋ ಇರುವ ಕಂಪನಿಯೊಂದರ ಕಂಪ್ಯೂಟರಿನಲ್ಲಿ ತಿಂಗಳ ಬಾಡಿಗೆಗೆ ತೆಗೆದುಕೊಂಡ ಜಾಗದಲ್ಲಿ. ಅಲ್ಲಿಗೆ ಯಾರು ಬರಬಹುದು, ಬಂದವರು ಯಾವ ಕೋಣೆಗೆ ಹೋಗಬಹುದು ಎಂಬುದನ್ನು ಒಂದು ಪಟ್ಟಿ ತೀರ್ಮಾನಿಸುತ್ತದೆ. ಆ ಪಟ್ಟಿಗೆ ಡೈರೆಕ್ಟರಿ ಅನ್ನುತ್ತಾರೆ. ಗೂಗಲ್ ತನ್ನದನ್ನು ಕೊಡುತ್ತದೆ, ಮೈಕ್ರೋಸಾಫ್ಟ್ ತನ್ನದನ್ನು. ಮೈಕ್ರೋಸಾಫ್ಟ್‌ನ ಡೈರೆಕ್ಟರಿಗೆ ಮೊದಲು ಅಜೂರ್ ಆಕ್ಟಿವ್ ಡೈರೆಕ್ಟರಿ ಎಂಬ ಹೆಸರಿತ್ತು. 2023ರಲ್ಲಿ ಎಂಟ್ರಾ ಐಡಿ ಎಂದು ಬದಲಾಯಿಸಿದರು. ಹೆಸರು ಏನೇ ಇರಲಿ, ಕೆಲಸ ಒಂದೇ.

ಪಟ್ಟಿಯಲ್ಲಿ ಎರಡು ಬಗೆ ಇರುತ್ತವೆ: ಒಂದು ಮನುಷ್ಯರು, ಇನ್ನೊಂದು ಗುಂಪುಗಳು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹಕ್ಕು ಕೊಡುತ್ತಾ ಕೂರುವುದು ಕಷ್ಟ ಅಂತ ಗುಂಪು ಮಾಡುತ್ತಾರೆ. ಹಕ್ಕು ಕೊಡುವುದು ಗುಂಪಿಗೆ. ಗುಂಪಿಗೆ ಸೇರಿದ ಕೂಡಲೇ ಆ ಹಕ್ಕು ತಾನಾಗಿ ಬರುತ್ತದೆ, ಗುಂಪಿನಿಂದ ಹೊರಗೆ ಹೋದರೆ ಹೋಗುತ್ತದೆ. ಹಾಲಿನ ಡೇರಿಯಲ್ಲೂ ಹೀಗೇ ಅಲ್ಲವೇ? ನಿಮ್ಮ ಹೆಸರು ಸದಸ್ಯರ ಪುಸ್ತಕದಲ್ಲಿದ್ದರೆ ಬೋನಸ್ಸೂ ಬರುತ್ತದೆ, ಓಟೂ ಬರುತ್ತದೆ. ಬೋನಸ್ ಯಾರಿಗೆ ಕೊಡಬೇಕು ಅಂತ ಪ್ರತಿವರ್ಷ ಹೊಸದಾಗಿ ಚರ್ಚೆ ಮಾಡುವುದಿಲ್ಲ, ಪುಸ್ತಕ ತೆರೆಯುತ್ತಾರೆ ಅಷ್ಟೆ. ಹಸು ಮಾರಿ ಬೆಂಗಳೂರು ಸೇರಿದವರ ಹೆಸರು ಅದರಲ್ಲೇ ಉಳಿದಿದ್ದರೆ ಚುನಾವಣೆಯ ದಿನ ಕಾರಿನಲ್ಲಿ ಬಂದು ಇಳಿಯುತ್ತಾರೆ. ಆಗ ಗಲಾಟೆ.

ನಮ್ಮದೂ ಹಸು ಮಾರಿದವನ ಕಥೆಯೇ.

ಸುದ್ದಿಯ ಸುಳಿವು ಕೊಡುವವರಿಗೆಂದು ನಾವು ಒಂದು ಇಮೇಲ್ ವಿಳಾಸ ಇಟ್ಟಿದ್ದೆವು. ಅದು ಒಬ್ಬರ ಪೆಟ್ಟಿಗೆಯಲ್ಲ, ಒಂದು ಗುಂಪು. ಅದಕ್ಕೆ ಬಂದ ಪತ್ರ ಗುಂಪಿನಲ್ಲಿರುವ ಎಲ್ಲರಿಗೂ ಹೋಗುತ್ತದೆ. ನಮ್ಮ ಗೆಳೆಯನೊಬ್ಬ ಬಳಗ ಬಿಟ್ಟು, ಗುತ್ತಿಗೆದಾರರಿಗೆ ಪ್ರಚಾರದ ಕೆಲಸ ಮಾಡಿಕೊಡುವ ನೌಕರಿಗೆ ಸೇರಿದ. ತಪ್ಪೇನಿಲ್ಲ, ಅವನಿಗೂ ಮನೆ ಇದೆ, ಸಾಲ ಇದೆ. ಅವನು ಹೋದ ದಿನ ನಾವು ಡಾಬಾದಲ್ಲಿ ಊಟ ಮಾಡಿಸಿ, ಶಾಲು ಹೊದಿಸಿ ಕಳಿಸಿದೆವು. ವಾರದ ನಂತರ ನೆನಪಾಗಿ ಅವನ ಖಾತೆಯನ್ನೂ ತಡೆಹಿಡಿದೆವು. ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. 2023ರ ವಿಧಾನಸಭೆ ಚುನಾವಣೆಯ ಹೊತ್ತಿನಲ್ಲಿ 'ಚುನಾವಣೆ' ಅಂತ ಒಂದು ತಾತ್ಕಾಲಿಕ ಗುಂಪು ಮಾಡಿದ್ದೆವು. ಆ ದಿನಗಳಲ್ಲಿ ಇವನ ಫೋನಿನಲ್ಲಿ ಬಳಗದ ಖಾತೆ ತೆರೆಯುತ್ತಿರಲಿಲ್ಲ ಅಂತ ಅವನ ಸ್ವಂತ ಜಿಮೇಲ್ ವಿಳಾಸವನ್ನೇ ಅದರೊಳಗೆ ಸೇರಿಸಿದ್ದೆವು. ಆಮೇಲೆ ಇಡೀ 'ಚುನಾವಣೆ' ಗುಂಪನ್ನು ಎತ್ತಿ 'ಸುಳಿವು' ಗುಂಪಿನೊಳಗೆ ಇಟ್ಟೆವು. ಒಬ್ಬೊಬ್ಬರನ್ನೇ ಸೇರಿಸುವ ಶ್ರಮ ತಪ್ಪಲಿ ಅಂತ. ಚುನಾವಣೆ ಮುಗಿಯಿತು, ಗುಂಪು ಉಳಿಯಿತು.

ಈಗ ನೋಡಿ ಏನಾಯಿತು. 'ಸುಳಿವು' ಗುಂಪನ್ನು ತೆರೆದರೆ ನಾಲ್ಕು ಹೆಸರು, ಕೆಳಗೆ 'ಚುನಾವಣೆ' ಎಂಬ ಒಂದು ಸಾಲು. ಆ ಸಾಲನ್ನು ಒತ್ತಿ ಒಳಗೆ ಹೋದರೆ ಮಾತ್ರ ಇನ್ನುಳಿದವರು ಕಾಣುತ್ತಾರೆ. ನಾವು ಒಳಗೆ ಹೋಗಲೇ ಇಲ್ಲ. ಅವನ ಬಳಗದ ಖಾತೆ ಮುಚ್ಚಿದ್ದರೂ ಸ್ವಂತ ಜಿಮೇಲ್ ನಮ್ಮ ಹಿಡಿತದ್ದಲ್ಲ, ಅದು ಹಾಗೇ ಗುಂಪಿನಲ್ಲಿ ಕೂತಿತ್ತು. ನೀರುಗಂಟಿಯ ಮಗಳು ಕಳಿಸಿದ ಪತ್ರ ನಮಗೆ ಬಂದ ಅದೇ ಕ್ಷಣದಲ್ಲಿ ಅಲ್ಲಿಗೂ ಹೋಯಿತು.

ಆ ಫೋಟೊಗಳನ್ನು ಅವನೇ ಕೊಟ್ಟ ಅಂತ ನಾವು ಬರೆಯುವುದಿಲ್ಲ. ಕೇಳಿದಾಗ ಇಲ್ಲ ಅಂದ. ಆದರೆ ಅದು ಎರಡನೇ ಮಾತು. ನಾಲ್ವರು ಮಾತ್ರ ನೋಡುತ್ತಾರೆ ಎಂದು ನಾವು ಜನಕ್ಕೆ ಹೇಳಿದ್ದೆವು. ನೋಡುತ್ತಿದ್ದವರು ಏಳು ಮಂದಿ. ಸುಳ್ಳು ಹೇಳಿದ್ದು ನಾವು.

ಆ ಜಿಮೇಲ್ ವಿಳಾಸವನ್ನು ಸೇರಿಸಿದ್ದು ಯಾರು ಅಂತಲೂ ಹುಡುಕಿದೆವು. ಡೈರೆಕ್ಟರಿಯಲ್ಲಿ ಯಾರು ಯಾರನ್ನು ಯಾವಾಗ ಸೇರಿಸಿದರು ಎಂಬ ದಿನಚರಿ ಇರುತ್ತದೆ. ಆದರೆ ಅದು ಶಾಶ್ವತವಲ್ಲ. ಗೂಗಲ್ ಇಂಥ ಅಡ್ಮಿನ್ ದಾಖಲೆಯನ್ನು ಆರು ತಿಂಗಳು ಇಟ್ಟುಕೊಳ್ಳುತ್ತದೆ. ಮೈಕ್ರೋಸಾಫ್ಟ್‌ನ ಉಚಿತ ಎಂಟ್ರಾದಲ್ಲಿ ಏಳೇ ದಿನ, ದುಡ್ಡು ಕೊಟ್ಟರೆ ಮೂವತ್ತು ದಿನ. ನಾವು ಹುಡುಕುವ ಹೊತ್ತಿಗೆ ನಮ್ಮದು ಅಳಿಸಿಹೋಗಿ ಬಹಳ ದಿನವಾಗಿತ್ತು. ಕೊನೆಗೆ ಉತ್ತರ ಸಿಕ್ಕಿದ್ದು ನಮ್ಮದೇ ವಾಟ್ಸಾಪ್‌ನ ಹಳೆಯ ಮಾತುಕತೆಯಲ್ಲಿ. "ಆ್ಯಡ್ ಮಾಡಿದೀನಿ ಗುರು, ಈಗ ಬರ್ತದೆ ನೋಡು." ಬರೆದವರು ಈ ಬರಹದ 'ನಾವು' ಒಳಗೇ ಇದ್ದಾರೆ.

ಯಾಕೆ ಹೀಗಾಗುತ್ತದೆ ಅಂದರೆ ತಾಂತ್ರಿಕ ಅಜ್ಞಾನ ಅನ್ನುತ್ತಾರೆ. ನಾವು ಒಪ್ಪುವುದಿಲ್ಲ. ಹೆಸರು ತೆಗೆಯಲು ಬೇಕಾಗುವುದು ಎರಡು ಸಲ ಒತ್ತುವಷ್ಟು ಜ್ಞಾನ. ನಿಜವಾದ ಕಾರಣ ದಾಕ್ಷಿಣ್ಯ. ಜೊತೆಗೆ ಉಂಡವನ ಹೆಸರನ್ನು ಪಟ್ಟಿಯಿಂದ ಹೊಡೆಯುವುದು ಹೇಗೆ? ಬೇಜಾರಾದರೆ? ಮತ್ತೆ ವಾಪಸ್ ಬಂದರೆ? ಶಾಲು ಹೊದಿಸುವಾಗ ಕೀಲಿ ಕೊಡಪ್ಪಾ ಅಂತ ಕೇಳಲು ನಾಲಿಗೆ ಏಳುವುದಿಲ್ಲ. ಈ ದಾಕ್ಷಿಣ್ಯದ ಸಾಲವನ್ನು ತೀರಿಸಿದವರು ಮಾತ್ರ ನಾವಲ್ಲ, ಅವನೂ ಅಲ್ಲ, ಈರುಳ್ಳಿ ಕಿತ್ತ ನೀರುಗಂಟಿ.

ದೊಡ್ಡವರಲ್ಲೂ ಇದೇ ಕಥೆ. ಅಮೆರಿಕದಲ್ಲಿ ಕೊಲೋನಿಯಲ್ ಪೈಪ್‌ಲೈನ್ ಎಂಬ ಕಂಪನಿ ಇದೆ. ಟೆಕ್ಸಸ್‌ನಿಂದ ನ್ಯೂಯಾರ್ಕ್ ಬದಿಯವರೆಗೆ ಪೆಟ್ರೋಲು, ಡೀಸೆಲ್ ಹರಿಸುವ ಕೊಳವೆ ಅದರದ್ದು. 2021ರ ಮೇ ತಿಂಗಳಲ್ಲಿ ಕಳ್ಳರು ಅದರ ಕಂಪ್ಯೂಟರಿಗೆ ನುಗ್ಗಿದರು. ಕಂಪನಿ ಕೊಳವೆಯನ್ನೇ ಹಲವು ದಿನ ನಿಲ್ಲಿಸಬೇಕಾಯಿತು. ಬಂಕ್‌ಗಳ ಮುಂದೆ ಸಾಲು ನಿಂತವು. 75 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್, ಕಳ್ಳರಿಗೆ ಕೊಟ್ಟರು. ನುಗ್ಗಿದ್ದು ಎಲ್ಲಿಂದ? ಯಾರೂ ಬಳಸದೆ ಬಿಟ್ಟಿದ್ದ, ಆದರೆ ಮುಚ್ಚದೇ ಇದ್ದ ಒಂದು ಹಳೆಯ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಒಂದೇ ಕಾವಲು. ಫೋನಿಗೆ ಬರುವ ಎರಡನೇ ಪರೀಕ್ಷೆ ಇರಲಿಲ್ಲ.

ಇನ್ನೊಂದು ಕೇಳಿ. ಲೋಕಕ್ಕೆಲ್ಲ ಡೈರೆಕ್ಟರಿ ಮಾರುವ ಮೈಕ್ರೋಸಾಫ್ಟ್ ಮನೆಗೇ 2023ರ ಕೊನೆಯಲ್ಲಿ ಕನ್ನ ಬಿತ್ತು. 2024ರ ಜನವರಿಯಲ್ಲಿ ಅವರೇ ಹೇಳಿಕೊಂಡರು. ರಷ್ಯಾ ಸರ್ಕಾರದ ಬೆಂಬಲದ ಗುಂಪು ಅವರ ಹಿರಿಯ ಅಧಿಕಾರಿಗಳ ಇಮೇಲ್ ಓದಿತ್ತು. ಒಳಬಂದ ದಾರಿ, ಪರೀಕ್ಷೆಗೆಂದು ಎಂದೋ ಮಾಡಿ ಮರೆತಿದ್ದ ಒಂದು ಖಾತೆ. ಬೀಗ ಮಾಡುವವರ ಹಿತ್ತಿಲ ಬಾಗಿಲೇ ತೆರೆದಿತ್ತು. ನಮ್ಮ ತಪ್ಪಿಗೆ ಇದು ಸಮಾಧಾನ ಅಲ್ಲ. ಹಳೆಯ ಪಟ್ಟಿಯನ್ನು ಕುಳಿತು ಓದುವ ಬೇಸರದ ಕೆಲಸಕ್ಕೆ ಎಷ್ಟು ದುಡ್ಡಿದ್ದರೂ ಯಾರೂ ಮುಂದೆ ಬರುವುದಿಲ್ಲ ಅನ್ನುವುದಕ್ಕಷ್ಟೇ ಹೇಳಿದೆವು.

ಈಗ ಊರಿಗೆ ಬರೋಣ. ನಮ್ಮ ರಾಜ್ಯದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆಯಲ್ಲಿ ಇಪ್ಪತ್ತು ವರ್ಷಗಳ ಹಿಂದೆಯೇ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಸಿಬ್ಬಂದಿ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಇನ್ನೊಬ್ಬರಿಗೆ ಕೊಡಬಹುದು, ಬೆರಳು ಕೊಡಲಾಗದು. ನಾನು ಮಾಡಿಲ್ಲ ಅನ್ನುವ ದಾರಿ ಮುಚ್ಚಿತು.

ಪಂಚಾಯಿತಿಯಲ್ಲಿ ಹಣಕಾಸು ಆಯೋಗದ ಹಣ ಪಾವತಿಗೆ ಅಧ್ಯಕ್ಷರದ್ದು, ಪಿಡಿಒ ಅವರದ್ದು ಎರಡು ಡಿಜಿಟಲ್ ಸಹಿ ಬೇಕು. ಸಹಿ ಇರುವುದು ಬೆರಳುದ್ದದ ಪೆನ್‌ಡ್ರೈವ್‌ನಂಥ ಡಾಂಗಲ್‌ನಲ್ಲಿ. ಎರಡು ಕೈ ಇರಲಿ, ಒಂದು ಕೈ ಇನ್ನೊಂದನ್ನು ಕಾಯಲಿ ಅಂತ ಮಾಡಿದ ನಿಯಮ. ನಮ್ಮ ಕಡೆಯ ಒಂದು ಪಂಚಾಯಿತಿಗೆ ಹೋದಾಗ ಎರಡೂ ಡಾಂಗಲ್ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಆಪರೇಟರ್‌ನ ಡ್ರಾಯರ್‌ನೊಳಗೆ ಮಲಗಿದ್ದವು. ಜೊತೆಗೆ ಪಿನ್ ಬರೆದ ಚೀಟಿ. ಕೇಳಿದರೆ, "ಅಧ್ಯಕ್ಷರಿಗೆ ದಿನಾ ಬರೋಕಾಗಲ್ಲ, ಪಾಪ." ಮತ್ತೆ ಅದೇ ದಾಕ್ಷಿಣ್ಯ. ಅಧ್ಯಕ್ಷರು ಮೂವತ್ತು ತಿಂಗಳಿಗೆ ಬದಲಾಗುತ್ತಾರೆ, ಪಿಡಿಒ ಅದಕ್ಕೂ ಮೊದಲೇ ವರ್ಗವಾಗುತ್ತಾರೆ. ಹೊಸಬರ ಸನ್ಮಾನಕ್ಕೆ ಪೆಂಡಾಲ್ ಹಾಕುವವರು ಹಳಬರ ಸಹಿ ರದ್ದಾಯಿತೇ ಅಂತ ಕೇಳಿದ್ದನ್ನು ನಾವು ಒಂದು ಗ್ರಾಮಸಭೆಯಲ್ಲೂ ನೋಡಿಲ್ಲ. ಮುಂದಿನ ಸಭೆಯಲ್ಲಿ ನೀವು ಕೇಳಿ. ಒಂದೇ ಪ್ರಶ್ನೆ ಸಾಕು: ಈಗ ಯಾರ ಯಾರ ಹೆಸರಿನಲ್ಲಿ ಲಾಗಿನ್ ಇದೆ, ಓದಿ ಹೇಳಿ.

ಸ್ತ್ರೀಶಕ್ತಿ ಸಂಘ, ಶಾಲಾಭಿವೃದ್ಧಿ ಸಮಿತಿ, ರೈತ ಉತ್ಪಾದಕ ಕಂಪನಿ ಎಲ್ಲದಕ್ಕೂ ಈಗ ಒಂದು ಇಮೇಲ್ ಇದೆ, ಒಂದು ಡ್ರೈವ್ ಇದೆ. ಅದರಲ್ಲಿ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಫೋಟೊ, ಸಾಲದ ಪಟ್ಟಿ. ಖಾತೆ ಮಾಡಿಕೊಟ್ಟ ಹುಡುಗ ಈಗ ಪೀಣ್ಯದ ಫ್ಯಾಕ್ಟರಿಯಲ್ಲಿದ್ದಾನೆ. ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವುದು ಇಂದಿಗೂ ಅವನ ಫೋನಿಗೇ. ನಮ್ಮ ಬಳಗದ ಮುಖ್ಯ ಖಾತೆಯಲ್ಲೂ ಇದೇ ಆಗಿತ್ತು. ಗುಂಪೆಲ್ಲ ಸರಿಮಾಡಿ ಬೆವರು ಒರೆಸಿಕೊಂಡ ಮೇಲೆ ನೋಡಿದರೆ, ಖಾತೆ ವಾಪಸ್ ಪಡೆಯಲು ಕೊಟ್ಟಿದ್ದ ಫೋನ್ ನಂಬರ್ ಅವನದೇ! ಮನೆಯ ಎಲ್ಲ ಕಿಟಕಿ ಹಾಕಿ, ಬೀಗದ ಎರಡನೇ ಕೀಲಿ ಹೊರಗೆ ಬಿಟ್ಟಂತೆ.

ವಾಟ್ಸಾಪ್ ಅಭ್ಯಾಸವೂ ನಮ್ಮನ್ನು ಸ್ವಲ್ಪ ಕೆಡಿಸಿದೆ. ಅಲ್ಲಿ ಸದಸ್ಯರ ಪಟ್ಟಿ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರನ್ನಾದರೂ ತೆಗೆದರೆ ಊರೆಲ್ಲ ಗುಲ್ಲು. ಡೈರೆಕ್ಟರಿ ಗುಂಪಿನಲ್ಲಿ ಏನೂ ಕಾಣುವುದಿಲ್ಲ, ಯಾರೂ ಮಾತಾಡುವುದಿಲ್ಲ. ಸದ್ದಿಲ್ಲದ ಕಡೆ ನಮಗೆ ಎಚ್ಚರ ಕಡಿಮೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಂಸ್ಥೆಗಳಿಗೆ ಯಂತ್ರವೇ ಮಾಡಿಕೊಡುವ ಉಪಾಯಗಳಿವೆ. ಎಂಟ್ರಾದಲ್ಲಿ, ಈ ವಿಭಾಗದವರೆಲ್ಲ ಈ ಗುಂಪಿಗೆ ಅಂತ ಒಂದು ಸೂತ್ರ ಬರೆದರೆ, ನೌಕರನ ವಿಭಾಗ ಬದಲಾದ ಕೂಡಲೇ ಗುಂಪೂ ಬದಲಾಗುತ್ತದೆ. ಇಷ್ಟು ತಿಂಗಳಿಗೊಮ್ಮೆ, ಇವರು ಇನ್ನೂ ಬೇಕೇ ಅಂತ ಗುಂಪಿನ ಒಡೆಯನನ್ನು ತಾನೇ ಕೇಳುವ ವ್ಯವಸ್ಥೆಯೂ ಇದೆ. ಎರಡಕ್ಕೂ ಹೆಚ್ಚಿನ ದುಡ್ಡು ಕಟ್ಟಬೇಕು. ನಮ್ಮಂಥವರಿಗೆ ಎಟುಕುವುದಿಲ್ಲ, ಬೇಕಾಗಿಯೂ ಇಲ್ಲ. ನಾವು ಹತ್ತು ರೂಪಾಯಿಯ ನೋಟ್‌ಬುಕ್ ತಂದೆವು.

ಅದರಲ್ಲಿ ಪ್ರತಿ ಗುಂಪಿಗೆ ಒಂದು ಪುಟ. ಗುಂಪು ಯಾಕೆ ಇದೆ ಅಂತ ಮೇಲೆ ಒಂದು ಸಾಲು, ಅದಕ್ಕೆ ಹೊಣೆಯಾದ ಒಬ್ಬರ ಹೆಸರು, ಕೆಳಗೆ ಸದಸ್ಯರು. ಯಾಕೆ ಇದೆ ಅಂತ ಬರೆಯಲಾಗದ ಗುಂಪನ್ನು ಅವತ್ತೇ ಅಳಿಸಿದೆವು. ಹದಿನೊಂದರಲ್ಲಿ ಆರು ಹೀಗೇ ಹೋದವು. ಗುಂಪಿನೊಳಗೆ ಗುಂಪು ಇಡುವುದನ್ನು ಪೂರ್ತಿ ಬಿಟ್ಟೆವು. ಇದರ ನಿಯಮವೂ ಒಂದೊಂದು ಕಡೆ ಒಂದೊಂದು ಥರ. ಗೂಗಲ್‌ನಲ್ಲಿ ಹೊರಗುಂಪಿಗೆ ಬಂದ ಪತ್ರ ಒಳಗುಂಪಿನವರಿಗೂ ತಲುಪುತ್ತದೆ. ಎಂಟ್ರಾದಲ್ಲಿ ಒಂದು ಗುಂಪಿಗೆ ಆ್ಯಪ್ ಕೊಟ್ಟರೆ ಅದು ಒಳಗುಂಪಿಗೆ ಇಳಿಯುವುದಿಲ್ಲ. ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಳ್ಳುವ ಬದಲು ಹೆಸರುಗಳನ್ನು ನೇರವಾಗಿ ಬರೆಯುವುದೇ ಲೇಸು. ಸ್ವಂತ ಜಿಮೇಲ್‌ಗಳಿಗೆ ಗುಂಪಿನಲ್ಲಿ ಜಾಗ ಇಲ್ಲ. ತಿಂಗಳ ಮೊದಲ ಸೋಮವಾರ ಫೋನ್ ಕಾಲ್‌ನಲ್ಲಿ ಎಲ್ಲರೂ ಸೇರಿ, ಒಬ್ಬರು ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಗಟ್ಟಿಯಾಗಿ ಓದಿದಾಗ, "ಅಯ್ಯೋ, ಅವರು ಇನ್ನೂ ಇದ್ದಾರಾ?" ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಪರದೆಯ ಮೇಲೆ ಸುಮ್ಮನೆ ಕಣ್ಣಾಡಿಸಿದರೆ ಅನ್ನುವುದಿಲ್ಲ.

ಬಿಟ್ಟು ಹೋಗುವವರ ಖಾತೆಯನ್ನು ಮಾತ್ರ ಅವಸರದಲ್ಲಿ ಅಳಿಸಬೇಡಿ. ಮೊದಲು ತಡೆಹಿಡಿಯಿರಿ, ಅವರ ಹೆಸರಿನಲ್ಲಿರುವ ಕಡತಗಳನ್ನು ಇನ್ನೊಬ್ಬರಿಗೆ ವರ್ಗಾಯಿಸಿ, ಆಮೇಲೆ ಅಳಿಸಿ. ತಪ್ಪಿ ಅಳಿಸಿದರೆ ಗೂಗಲ್‌ನಲ್ಲಿ 20 ದಿನ, ಎಂಟ್ರಾದಲ್ಲಿ 30 ದಿನದೊಳಗೆ ವಾಪಸ್ ತರಬಹುದು, ಅದು ದಾಟಿದರೆ ಇಲ್ಲ. ತಡೆಹಿಡಿಯುವಾಗ ಎಲ್ಲ ಫೋನುಗಳಿಂದ ಹೊರಹಾಕುವ ಗುಂಡಿಯನ್ನೂ ಒತ್ತಿ. ಇಲ್ಲವಾದರೆ ಆಗಲೇ ಒಳಗೆ ಇರುವವರು ಒಂದಷ್ಟು ಹೊತ್ತು ಒಳಗೇ ಇರಬಹುದು, ಎಂಟ್ರಾದಲ್ಲಿ ಅದು ಒಂದು ಗಂಟೆ ದಾಟಲೂಬಹುದು. ಇನ್ನು ಅಡ್ಮಿನ್‌ಗಳ ವಿಷಯ. ಒಬ್ಬರೇ ಇದ್ದರೆ ಅವರಿಗೆ ಜ್ವರ ಬಂದ ದಿನ ಎಲ್ಲ ಬಂದ್. ಎಲ್ಲರೂ ಅಡ್ಮಿನ್ ಆದರೆ ಯಾರೂ ಹೊಣೆಯಲ್ಲ. ಸಾವಿರಾರು ಜನರಿರುವ ಸಂಸ್ಥೆಗೂ ಎಲ್ಲ ಅಧಿಕಾರ ಇರುವ ಅಡ್ಮಿನ್‌ಗಳು ಐವರಿಗಿಂತ ಕಡಿಮೆ ಇರಲಿ ಅಂತ ಮೈಕ್ರೋಸಾಫ್ಟೇ ಸಲಹೆ ಕೊಡುತ್ತದೆ. ಐವರ ಬಳಗದಲ್ಲಿ ನಾವು ಐವರೂ ಅಡ್ಮಿನ್ ಆಗಿದ್ದೆವು! ಈಗ ಇಬ್ಬರು.

ನಮ್ಮಲ್ಲೇ ಒಬ್ಬರು ಇದನ್ನು ವಿರೋಧಿಸಿದರು. ಇದೇನು ಕಂಪನಿಯಾ, ಗೆಳೆತನಕ್ಕೆ ರಿಜಿಸ್ಟರ್ ಇಡ್ತೀರಾ ಅಂತ. ಅವರ ಮಾತಿನಲ್ಲಿ ಇನ್ನೊಂದು ಭಯವೂ ಇತ್ತು, ಅದು ಸುಳ್ಳಲ್ಲ. ಪಟ್ಟಿ ಹಿಡಿದವರು ಅದನ್ನೇ ದೊಣ್ಣೆ ಮಾಡಿಕೊಳ್ಳುತ್ತಾರೆ. ಪ್ರಶ್ನೆ ಕೇಳುವ ಸದಸ್ಯರ ಹೆಸರನ್ನೇ ಪುಸ್ತಕದಿಂದ ಹಾರಿಸಿದ ಸಂಘಗಳನ್ನು ನಾವೇ ವರದಿ ಮಾಡಿದ್ದೇವೆ. ಅದಕ್ಕೆ ಎರಡು ನಿಯಮ ಅವರೇ ಬರೆಸಿದರು. ಒಬ್ಬರೇ ಯಾರನ್ನೂ ತೆಗೆಯುವಂತಿಲ್ಲ, ಇಬ್ಬರು ಒಪ್ಪಬೇಕು. ತೆಗೆದ ದಿನವೇ, ತೆಗೆದವರಿಗೆ ಫೋನ್ ಮಾಡಿ ಯಾಕೆ ಅಂತ ಹೇಳಬೇಕು. ಕಳೆದ ತಿಂಗಳು ಇನ್ನೊಬ್ಬರು ಬೇರೆ ಕೆಲಸ ಸಿಕ್ಕಿ ಹೊರಟರು. ಡಾಬಾದಲ್ಲಿ ಊಟದ ಮೇಜಿನ ಮೇಲೇ ಖಾತೆ ತಡೆಹಿಡಿದೆವು. ಅವರೇ ತಮ್ಮ ಫೋನ್ ತೆಗೆದು, "ನೋಡಿ, ನಿಜವಾಗ್ಲೂ ಹೋಗಿದೆಯಾ" ಅಂತ ತೋರಿಸಿದರು. ಹೋಗಿತ್ತು. ಆಮೇಲೆ ಶಾಲು ಹೊದಿಸಿದೆವು.

ನೀರುಗಂಟಿಗೆ ಕೀಲಿ ವಾಪಸ್ ಸಿಕ್ಕಿದೆ. ಊರಿನ ಹೆಣ್ಣುಮಕ್ಕಳು ನೀರು ಸರಿಯಾಗಿ ಬರುತ್ತಿಲ್ಲ ಅಂತ ಪಂಚಾಯಿತಿ ಮುಂದೆ ಕೊಡ ಇಟ್ಟು ಕೂತ ಮೇಲೆ ಸಿಕ್ಕಿದ್ದು, ನಮ್ಮಿಂದಲ್ಲ. ಕ್ಷಮೆ ಕೇಳಲು ಅವರ ಮನೆಗೆ ಹೋಗಿದ್ದೆವು. ಅವರು ಟೀ ಕೊಟ್ಟರು, ಜಾಸ್ತಿ ಮಾತಾಡಲಿಲ್ಲ. ಮಗಳು ಕೇಳಿದಳು, "ಈಗ ಆ ವಿಳಾಸಕ್ಕೆ ಕಳಿಸಿದ್ರೆ ಎಷ್ಟು ಜನ ನೋಡ್ತೀರಿ?" ಮೂವರು ಅಂದೆವು. ಹೆಸರು ಕೇಳಿದಳು. ಹೇಳಿದೆವು. ನೋಟ್ಸ್ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಹಳೆಯ ಸುಳಿವಿನ ವಿಳಾಸವನ್ನು ಮುಚ್ಚಿದ್ದೇವೆ. ಅವನು ಬಳಗ ಬಿಟ್ಟ ಮೇಲೆ ಅದಕ್ಕೆ ಪತ್ರ ಬರೆದವರಲ್ಲಿ ಒಬ್ಬೊಬ್ಬರಿಗೂ ಫೋನ್ ಮಾಡಿ, ನಿಮ್ಮ ಪತ್ರವನ್ನು ನಮ್ಮ ಬಳಗದಲ್ಲಿ ಇಲ್ಲದವರೂ ನೋಡಿರಬಹುದು ಎಂದು ತಿಳಿಸಿದ್ದೇವೆ. ಇಬ್ಬರು ಮಾತ್ರ ಸಿಕ್ಕಿಲ್ಲ. ಒಬ್ಬರು ಪಡಿತರ ಅಕ್ಕಿಯ ಬಗ್ಗೆ, ಇನ್ನೊಬ್ಬರು ಹಾಸ್ಟೆಲ್ ಊಟದ ಬಗ್ಗೆ ಬರೆದಿದ್ದವರು. ಇದನ್ನು ಓದುತ್ತಿದ್ದರೆ, ದಯವಿಟ್ಟು ನಮ್ಮಲ್ಲಿ ನಿಮಗೆ ಮುಖ ಗೊತ್ತಿರುವ ಯಾರಿಗಾದರೂ ನೇರವಾಗಿ ಕರೆ ಮಾಡಿ. ಇಮೇಲ್ ಬೇಡ.